ಆಟವೂ ಒಂದು ವಿದ್ಯೆ

ಕೆಲವು ವರ್ಷಗಳ ಹಿಂದಿನ ಮಾತು. ಪರೀಕ್ಷೆಗೆ ಇನ್ನು ಹದಿನೈದು ದಿನವಿರುವಾಗ ಪದವಿ ತರಗತಿಯ ಹುಡುಗನೊಬ್ಬ ನನ್ನ ಮೇಜಿನೆದುರು ಬಂದು ನಿಂತ. ಅವನ ಹಾಜರಿ ಸಾಲದಾಗಿತ್ತು. “ಎಲ್ಲಿಗೆ ಹೋಗಿದ್ದೆಯಪ್ಪಾ ಇಷ್ಟು ದಿನ?” ಎಂದೆ. “ಓಟಕ್ಕೆ, ಸಾರ್” ಎಂದು ಒಂದು ಪ್ರಶಸ್ತಿಪತ್ರವನ್ನು ಮುಂದಿಟ್ಟ. ನಾನು ಅದನ್ನು ಮೇಲಿಂದ ಮೇಲೆ ನೋಡಿ, “ಓಟ ಅನ್ನ ಹಾಕುತ್ತದೆಯೇ?” ಎಂದು ಕೇಳಿದೆ. ಹುಡುಗ ತಲೆ ತಗ್ಗಿಸಿದ. ಹಾಜರಿ ಹೇಗೋ ಸರಿಹೋಯಿತು. ಆದರೆ ಮರುವರ್ಷ ಅವನು ಮೈದಾನದ ಕಡೆ ಸುಳಿಯಲಿಲ್ಲ.

ಅದೇ ದಿನಗಳಲ್ಲಿ ನಾನು ತರಗತಿಯಲ್ಲಿ ಪಂಪಭಾರತದ ಶಸ್ತ್ರವಿದ್ಯಾಪ್ರದರ್ಶನದ ಭಾಗವನ್ನು ಪಾಠ ಹೇಳುತ್ತಿದ್ದೆ. ಕರ್ಣನ ಕೌಶಲವನ್ನು ಬದಿಗಿಟ್ಟು ಕುಲವನ್ನು ಕೇಳಿದವರನ್ನು ಮನಸಾರೆ ಖಂಡಿಸಿದೆ. ಓಟದ ಹುಡುಗನ ಕೌಶಲವನ್ನು ಬದಿಗಿಟ್ಟು ಹಾಜರಿಯನ್ನು ಕೇಳಿದವನು ನಾನೇ ಎಂಬುದು ಮಾತ್ರ ಆಗ ಹೊಳೆಯಲಿಲ್ಲ. ಮಣಿಪುರದ ರಾಷ್ಟ್ರೀಯ ಕ್ರೀಡಾ ವಿಶ್ವವಿದ್ಯಾಲಯದ ಕಥೆಯನ್ನು ಓದುವಾಗ ಹೊಳೆಯಿತು. ಮೈಯ ವಿದ್ಯೆ ವಿದ್ಯೆಯೇ ಅಲ್ಲವೇ ಎಂಬ ಪ್ರಶ್ನೆಗೆ ನಮ್ಮ ದೇಶ ಎಷ್ಟು ತಡವಾಗಿ, ಎಷ್ಟು ಅಂಜುತ್ತ ಉತ್ತರ ಹೇಳಿತೆಂಬುದನ್ನು ಆ ಕಥೆ ತಿಳಿಸುತ್ತದೆ.

ಗರಡಿಮನೆಗಳು ನಮಗೆ ಹೊಸವಲ್ಲ. ಆದರೆ ಅಲ್ಲಿಯ ಉಸ್ತಾದನಿಗೆ ಪದವಿಯಿರಲಿಲ್ಲ. ದೈಹಿಕ ಶಿಕ್ಷಣವನ್ನು ಶಾಸ್ತ್ರೀಯವಾಗಿ ಕಲಿಸುವ ಶಾಲೆಯನ್ನು 1920ರಲ್ಲಿ ಮದರಾಸಿನ ವೈ.ಎಂ.ಸಿ.ಎ. ಆಶ್ರಯದಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದವರು ಆರಂಭಿಸಿದರು. ಸ್ವಾತಂತ್ರ್ಯಾನಂತರ, 1857ರ ಸಂಗ್ರಾಮದ ಶತಮಾನೋತ್ಸವದ ನೆನಪಿಗಾಗಿ, 1957ರ ಆಗಸ್ಟ್ 17ರಂದು ಗ್ವಾಲಿಯರಿನಲ್ಲಿ ಲಕ್ಷ್ಮೀಬಾಯಿ ದೈಹಿಕ ಶಿಕ್ಷಣ ಕಾಲೇಜು ಹುಟ್ಟಿತು. ಝಾನ್ಸಿಯ ರಾಣಿ ಕಾದು ಮಡಿದ ಊರದು. ಈ ಕಾಲೇಜು ಮೊದಲು ಉಜ್ಜಯಿನಿಯ ವಿಕ್ರಮ ವಿಶ್ವವಿದ್ಯಾಲಯದ, ಅನಂತರ ಗ್ವಾಲಿಯರಿನದೇ ಆದ ಜಿವಾಜಿ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಬೆಳೆದು, 1995ರಲ್ಲಿ ವಿಶ್ವವಿದ್ಯಾಲಯಕ್ಕೆ ಸಮನೆಂಬ ಮನ್ನಣೆ ಪಡೆಯಿತು. ಅಷ್ಟು ದೂರ ನಡೆಯಲು ಮೂವತ್ತೆಂಟು ವರ್ಷ ಬೇಕಾಯಿತು. ನಡುವೆ 1961ರಲ್ಲಿ ಪಟಿಯಾಲಾದ ಮೋತಿಬಾಗ್ ಅರಮನೆಯಲ್ಲಿ ತರಬೇತುಗಾರರನ್ನು ತಯಾರಿಸುವ ಸಂಸ್ಥೆ ಬಂದಿತು. 2004ರಲ್ಲಿ ತಮಿಳುನಾಡು ತನ್ನದೇ ಶಾಸನದಿಂದ ಒಂದು ಕ್ರೀಡಾ ವಿಶ್ವವಿದ್ಯಾಲಯವನ್ನು ರೂಪಿಸಿತು.

ಕೇಂದ್ರ ಸರ್ಕಾರವು ಇಂಥ ವಿಶ್ವವಿದ್ಯಾಲಯವನ್ನು ಮಣಿಪುರಕ್ಕೆ ಕೊಡುವೆನೆಂದದ್ದು 2014ರ ಜುಲೈ ತಿಂಗಳ ಆಯವ್ಯಯದಲ್ಲಿ. ಅದಕ್ಕೆ 100 ಕೋಟಿ ರೂಪಾಯಿಗಳನ್ನು ತೆಗೆದಿರಿಸಿತು. ಮಣಿಪುರವೇ ಏಕೆ? ಆ ಸಣ್ಣ ನಾಡಿನಲ್ಲಿ ಆಟ ಬಿಡುವಿನ ವೇಳೆಯ ವಿನೋದ ಮಾತ್ರವಲ್ಲ, ಬಾಳಿನ ಅಂಗ. ಇಂದಿನ ಪೋಲೋ ಆಟದ ಮೂಲವೆನಿಸಿದ ಸಗೋಲ್ ಕಾಂಗ್ಜೈ ಅಲ್ಲಿಯದು. ಮುಕ್ನಾ ಎಂಬ ಕುಸ್ತಿ, ತಾಂಗ್-ತಾ ಎಂಬ ಕತ್ತಿ-ಭರ್ಜಿಗಳ ವಿದ್ಯೆ ಅಲ್ಲಿಯವು. 1999ರಲ್ಲಿ ರಾಷ್ಟ್ರೀಯ ಕ್ರೀಡಾಕೂಟ ಇಂಫಾಲಿನಲ್ಲಿ ನಡೆದಾಗ ಅತಿಥೇಯ ಮಣಿಪುರವೇ ದೊಡ್ಡ ದೊಡ್ಡ ರಾಜ್ಯಗಳನ್ನು ಹಿಂದೆ ಹಾಕಿ ಮೊದಲ ಸ್ಥಾನ ಪಡೆಯಿತು. ಡಿಂಕೋ ಸಿಂಗ್, ಮೇರಿ ಕೋಮ್, ಕುಂಜರಾಣಿ ದೇವಿ ಎಂಬ ಹೆಸರುಗಳು ವಾಚಕರಿಗೆ ಅಪರಿಚಿತವಲ್ಲ.

ಮೀರಾಬಾಯಿ ಚಾನು ಅವರ ಉದಾಹರಣೆ ಇಲ್ಲಿ ವಿಶೇಷವಾಗಿ ಸ್ಮರಣೀಯ. ಹಳ್ಳಿಯಲ್ಲಿ ಸೌದೆಹೊರೆ ಹೊರುತ್ತಿದ್ದ ಆ ಬಾಲಕಿ, ಇಂಫಾಲಿನ ಅಭ್ಯಾಸಕ್ಕೆ ಮರಳು ಸಾಗಿಸುವ ಲಾರಿಗಳನ್ನು ಹತ್ತಿ ಹೋಗುತ್ತಿದ್ದರು. 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಒಟ್ಟು 202 ಕಿಲೋ ಭಾರವೆತ್ತಿ ಬೆಳ್ಳಿ ಗೆದ್ದು ಬಂದ ಮೇಲೆ, ಅವರು ಆ ಲಾರಿಗಳ ಚಾಲಕರನ್ನು ಕರೆದು ಸತ್ಕರಿಸಿದರು. ಅವರನ್ನು ಮೈದಾನಕ್ಕೆ ಮುಟ್ಟಿಸಿದ್ದು ಯಾವ ಶಾಸನವೂ ಅಲ್ಲ, ಆ ಚಾಲಕರ ಸೌಜನ್ಯ. ಸೌಜನ್ಯ ದೊಡ್ಡದು, ಆದರೆ ಒಂದು ನಾಡಿನ ಮಕ್ಕಳ ವಿದ್ಯೆ ದಾರಿಹೋಕರ ದಯೆಯನ್ನೇ ನಂಬಿರಬೇಕಾದುದು ನಾಡಿಗೆ ಶೋಭೆಯಲ್ಲ. ವಿಶ್ವವಿದ್ಯಾಲಯ ಬೇಕಾದುದು ಇದಕ್ಕಾಗಿ.

ಬಂದ ರೀತಿಯಾದರೂ ಹೇಗೆ! ಮಸೂದೆ ಲೋಕಸಭೆಯ ಮುಂದೆ ಬಂದದ್ದು 2017ರ ಆಗಸ್ಟ್‌ನಲ್ಲಿ. ಅಲ್ಲಿಯೇ ಕಾಯುತ್ತ ಕುಳಿತಿತು. 2018ರ ಜನವರಿಯಲ್ಲಿ ಖುಮಾನ್ ಲಂಪಾಕ್ ಕ್ರೀಡಾಸಂಕೀರ್ಣದ ತಾತ್ಕಾಲಿಕ ನೆಲೆಯಲ್ಲಿ ಪಾಠಗಳು ಮೊದಲಾದವು. ಮಾರ್ಚ್ 16ರಂದು ಪ್ರಧಾನಮಂತ್ರಿಗಳು ಅಡಿಗಲ್ಲಿಟ್ಟರು. ಮೇ 31ರಂದು ಸುಗ್ರೀವಾಜ್ಞೆ ಹೊರಟಿತು; ಆಗಸ್ಟ್‌ನಲ್ಲಿ ಸಂಸತ್ತಿನ ಒಪ್ಪಿಗೆ ಸಿಕ್ಕಿತು. ಅಂದರೆ ವಿದ್ಯಾರ್ಥಿಗಳು ಮೊದಲು ಬಂದರು, ಶಾಸನ ಅನಂತರ ಬಂದಿತು. ಕ್ರೀಡಾವಿಜ್ಞಾನ, ಕ್ರೀಡಾತಂತ್ರಜ್ಞಾನ, ಕ್ರೀಡಾನಿರ್ವಹಣೆ, ತರಬೇತಿ ಈ ನಾಲ್ಕನ್ನೂ ಬೆಳೆಸುವುದು ಶಾಸನದ ಉದ್ದೇಶ. ಶಾಶ್ವತ ನೆಲೆಗಾಗಿ ಇಂಫಾಲ ಪಶ್ಚಿಮ ಜಿಲ್ಲೆಯ ಕೌತ್ರುಕ್‌ನಲ್ಲಿ 325.90 ಎಕರೆ ನೆಲವನ್ನು ಗೊತ್ತುಮಾಡಲಾಯಿತು.

ಆದರೆ 2023ರ ಮೇ 3ರಂದು ಆ ರಾಜ್ಯದಲ್ಲಿ ಜನಾಂಗಗಳ ನಡುವೆ ದಳ್ಳುರಿ ಎದ್ದಿತು. ಇನ್ನೂರಕ್ಕೂ ಮೇಲ್ಪಟ್ಟು ಜನ ಸತ್ತರು, ಹತ್ತಾರು ಸಾವಿರ ಮಂದಿ ಮನೆ ತೊರೆದರು. 2024ರ ಸೆಪ್ಟೆಂಬರ್ 1ರಂದು ಡ್ರೋನುಗಳಿಂದ ಬಾಂಬು ಬಿದ್ದುದೂ ಇದೇ ಕೌತ್ರುಕ್‌ನಲ್ಲಿಯೇ. ಕಣಿವೆಯೂ ಬೆಟ್ಟವೂ ಕೂಡುವ ಅಂಚಿನಲ್ಲಿದೆ ಆ ಊರು. ಆಟವಾಡುವ ಮಕ್ಕಳಿಗೆಂದು ಗುರುತಿಸಿದ ನೆಲದ ಸುತ್ತ ಗುಂಡಿನ ಸದ್ದು ಕೇಳಿಬಂದುದು ಎಂಥ ವ್ಯಂಗ್ಯ! ಕಣಿವೆಯ ಮೈತೇಯಿ ಹುಡುಗಿಯೂ ಬೆಟ್ಟದ ಕೋಮ್ ಹುಡುಗಿಯೂ ಒಂದೇ ದೇಶದ ಅಂಗಿ ತೊಟ್ಟು ನಿಂತದ್ದು ಆಟದ ಅಂಗಳದಲ್ಲಿ. ಆ ಅಂಗಳವನ್ನೇ ವಿದ್ಯಾಲಯ ಮಾಡಹೊರಟ ಸಂಸ್ಥೆಗೆ ಪದಕಗಳಿಗಿಂತ ಹಿರಿದಾದ ಹೊಣೆಯೊಂದಿದೆ. ಎರಡೂ ಕಡೆಯ ಮಕ್ಕಳು ಅಂಜದೆ ಒಂದೇ ಪಂಕ್ತಿಯಲ್ಲಿ ಉಣ್ಣುವ ದಿನ ಅದರ ನಿಜವಾದ ಉದ್ಘಾಟನೆ ಎನ್ನಬಹುದು.

ಕಟ್ಟಡ, ಶಾಸನ, ಹಣ ಇವು ಬೇಕು. ಆದರೆ ಇವಿಷ್ಟರಿಂದಲೇ ವಿಶ್ವವಿದ್ಯಾಲಯವಾಗದು. ಮಣಿಪುರದ ಕೇರಿಕೇರಿಯ ಕ್ಲಬ್ಬುಗಳು ಪದವಿಯಿಲ್ಲದೆಯೇ ಕಲಿಸಿದುದನ್ನು ವಿಶ್ವವಿದ್ಯಾಲಯ ವಿನಯದಿಂದ ಕಲಿತು, ವಿಜ್ಞಾನದ ಬೆಳಕಿನಲ್ಲಿ ಹಿಂದಿರುಗಿಸಬೇಕು. ಕನ್ನಡದ ಅಧ್ಯಾಪಕನಾದ ನನಗೆ ಇನ್ನೊಂದು ಚಿಂತೆ. ಮೊಣಕಾಲಿನ ನೋವು, ಊಟ, ನಿದ್ದೆ, ಸೋಲಿನ ಅಂಜಿಕೆ ಇವುಗಳ ಶಾಸ್ತ್ರ ಇಂಗ್ಲಿಷಿನಲ್ಲಿಯೇ ಉಳಿದರೆ ಹಳ್ಳಿಯ ವ್ಯಾಯಾಮಶಿಕ್ಷಕರಿಗೆ ಅದು ಮುಟ್ಟುವುದೆಂತು? ಈ ಶಾಸ್ತ್ರವನ್ನು ದೇಶಭಾಷೆಗಳಿಗೆ ತರುವುದು ನಮ್ಮಂಥವರ ಕೆಲಸವೇ ಆಗಿದೆ.

ನಮ್ಮ ಆ ಹುಡುಗ ಈಗ ತನ್ನೂರಿನಲ್ಲಿ ಗುಮಾಸ್ತನಾಗಿದ್ದಾನೆ. ಹಿಂದಿನ ಜಾತ್ರೆಯಲ್ಲಿ ಸಿಕ್ಕಿ ಕಾಲಿಗೆ ನಮಸ್ಕರಿಸಿದ. ಓಟ ಅನ್ನ ಹಾಕುತ್ತದೆಯೇ ಎಂಬ ನನ್ನ ಪ್ರಶ್ನೆ ಅಂದು ತಪ್ಪಾಗಿರಲಿಲ್ಲವೇನೋ. ಆದರೆ ಅದನ್ನು ನಾನು ಕೇಳಬೇಕಾದುದು ಹುಡುಗನನ್ನಲ್ಲ, ಅವನಿಗೆ ವಿದ್ಯೆ ಕೊಡುವ ಹೊಣೆ ಹೊತ್ತ ನಮ್ಮೆಲ್ಲರನ್ನು.