‘ಬಿದ್ದದ್ದು’ ಎಂದು ಬರೆಯುವ ಮೊದಲು

ನೆರೆಮನೆಯ ಹೆಂಗಸೊಬ್ಬಳನ್ನು ಕಾಸರಗೋಡಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದಾಗ ಜೊತೆಗೆ ನಾನೂ ಇದ್ದೆ. ಮುಂಗೈಯ ಹೊರಬದಿ ಊದಿತ್ತು. ಪಕ್ಕದಲ್ಲೇ ಹಳದಿಗೆ ತಿರುಗಿದ ಇನ್ನೊಂದು ಕಲೆ. ಡಾಕ್ಟರರು ಕೇಳಿದ್ದು ಮಲಯಾಳದಲ್ಲಿ. ಅವಳಿಗೆ ಬರುವುದು ಕನ್ನಡ ಮಾತ್ರ. ಉತ್ತರ ಕೊಟ್ಟವನು ಗಂಡ: “ವೀಣದಾ.” ಚೀಟಿಯಲ್ಲಿ ಹಾಗೆಯೇ ಬರೆದಾಯಿತು. ಹೊರಗೆ ಬಂದ ಮೇಲೆ ಅವಳು ಮೆಲ್ಲನೆ ಕೇಳಿದಳು: “ಡಾಕ್ಟ್ರು ಎಂತ ಬರೆದದ್ದು ಅಕ್ಕಾ?” “ಬಿದ್ದದ್ದು ಅಂತ” ಎಂದೆ. ಅವಳು ಮತ್ತೆ ಮಾತಾಡಲಿಲ್ಲ. ಒಳಗೆ ಬಾಯಿ ಬಿಡದ ನಾನೂ ತಪ್ಪಿತಸ್ಥೆಯೇ.

ಎರಡು ಭಾಷೆಗಳ ಸೌಹಾರ್ದವನ್ನು ವೇದಿಕೆಗಳಲ್ಲಿ ಕೊಂಡಾಡುವ ನಾವು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಹೊಡೆದವನೇ ದುಭಾಷಿಯಾದರೆ ಪೆಟ್ಟು ತಿಂದವಳ ಭಾಷೆ ಯಾವುದು?

“ಮೈ ನೋಡಿ ಇದೆಲ್ಲ ತಿಳಿಯುವುದು ಹೇಗೆ?” ಎಂದು ವೈದ್ಯರು ಕೇಳಬಹುದು. ತಿಳಿಯುತ್ತದೆ. ಮುಖ ಕಾಯಲು ಕೈ ಎತ್ತಿದವಳಿಗೆ ಪೆಟ್ಟು ಬೀಳುವುದು ಮುಂಗೈಯ ಹೊರಬದಿಗೆ. ಬೇರೆ ಬೇರೆ ದಿನಗಳ ಗಾಯಗಳು, ಹರಿದ ಕಿವಿತಮಟೆ, ಬಸುರಿಯ ಹೊಟ್ಟೆಯ ಮೇಲಿನ ಪೆಟ್ಟು, ತಡವಾಗಿ ಬಂದದ್ದು, ಹೇಳಿದ ಕಥೆಗೂ ಗಾಯಕ್ಕೂ ತಾಳೆಯಾಗದಿರುವುದು, ಕಾರಣ ಸಿಗದೆ ಮರಳಿ ಮರಳಿ ಬರುವ ತಲೆನೋವು, ನಿದ್ರೆಗೇಡು. ಇವೆಲ್ಲ ಸೂಚನೆಗಳು, ತೀರ್ಪಲ್ಲ. ಅದಕ್ಕಾಗಿಯೇ ಕೇಳಬೇಕು. ಬಂದ ಹೆಂಗಸರನ್ನೆಲ್ಲ ವಿಚಾರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿಯೂ ಹೇಳುವುದಿಲ್ಲ. ಸೂಚನೆ ಕಂಡಾಗ, ಏಕಾಂತದಲ್ಲಿ ಕೇಳಿ ಎನ್ನುತ್ತದೆ. ಗಂಡನನ್ನು ಮದ್ದಿನ ಚೀಟಿ ಕೊಟ್ಟು ಹೊರಗೆ ಕಳುಹಿಸಿ, ಕನ್ನಡ ಬಲ್ಲ ನರ್ಸಮ್ಮನನ್ನು ಕರೆದು, “ಯಾರಾದರೂ ಹೊಡೆದರಾ?” ಎಂದು ಕೇಳಲು ಎಷ್ಟು ಹೊತ್ತು ಬೇಕು?

“ಅದು ಅವರ ಮನೆಯ ವಿಷಯ” ಎನ್ನುವವರಿಗೆ ಕಾನೂನು ಉತ್ತರ ಕೊಟ್ಟಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 7ನೆಯ ಕಲಮಿನಂತೆ, ನೊಂದವಳು ಕೇಳಿದರೆ ಆಸ್ಪತ್ರೆ ಚಿಕಿತ್ಸೆ ಕೊಡಲೇಬೇಕು. 2006ರ ನಿಯಮಗಳಂತೆ ಮೊದಲೇ ದೂರು ದಾಖಲಾಗಿಲ್ಲವೆಂದು ಹಿಂದೆ ಕಳುಹಿಸುವಂತಿಲ್ಲ. ವರದಿಯಾಗಿರದಿದ್ದರೆ ಆಸ್ಪತ್ರೆಯೇ ನಮೂನೆ ತುಂಬಿ ರಕ್ಷಣಾಧಿಕಾರಿಗೆ ಕಳುಹಿಸಬೇಕು. ವೈದ್ಯಕೀಯ ವರದಿಯ ಪ್ರತಿಯನ್ನು ಅವಳಿಗೆ ಉಚಿತವಾಗಿ ಕೊಡಬೇಕು. ನಾಳೆ ನ್ಯಾಯಾಲಯದಲ್ಲಿ ಅವಳ ಪರವಾಗಿ ಮಾತಾಡುವುದು ಆ ಕಾಗದವೇ. ಅದರಲ್ಲಿ ‘ಬಿದ್ದದ್ದು’ ಎಂದಿದ್ದರೆ?

“ಕೇರಳದಲ್ಲಿ ಇದು ಕಡಿಮೆ” ಎಂಬ ಸಮಾಧಾನವೂ ಬೇಡ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದೆವೆಂದವರು ಕರ್ನಾಟಕದಲ್ಲಿ ಶೇ. 44, ಇಲ್ಲಿ ಶೇ. 10ರಷ್ಟು. ಆದರೆ ಅದೇ ಸಮೀಕ್ಷೆಯಲ್ಲಿ ಗಂಡ ಹೊಡೆಯುವುದನ್ನು ಒಂದಲ್ಲ ಒಂದು ಕಾರಣಕ್ಕೆ ಸರಿಯೆಂದ ಹೆಂಗಸರು ಕೇರಳದಲ್ಲಿ ಅರ್ಧಕ್ಕಿಂತ ಹೆಚ್ಚು. ಸರಿಯೆಂದು ನಂಬಿದವಳು ತಾನಾಗಿ ದೂರು ಹೇಳುವಳೇ?

ದಾರಿ ಇಲ್ಲದಿಲ್ಲ. ಮುಂಬಯಿಯ ಬಾಂದ್ರಾದ ಸರಕಾರಿ ಆಸ್ಪತ್ರೆಯೊಂದರೊಳಗೆ 2000ದಲ್ಲೇ ‘ದಿಲಾಸಾ’ ಕೇಂದ್ರ ತೆರೆಯಿತು. ಕೇರಳದ ಸರಕಾರಿ ಆಸ್ಪತ್ರೆಗಳಲ್ಲಿ ‘ಭೂಮಿಕ’ ಕೇಂದ್ರಗಳಿವೆ. 181 ಎಂಬ ಸಹಾಯವಾಣಿ ಇದೆ. ಆದರೆ ಅಲ್ಲಿಗೆ ಹೋಗೆಂದು ಯಾರಾದರೂ ಅವಳ ಭಾಷೆಯಲ್ಲಿ ಹೇಳಬೇಕಲ್ಲ!

ಡಾಕ್ಟರರೇ, ಸಂಸಾರ ಒಡೆಯಿರಿ ಎನ್ನುತ್ತಿಲ್ಲ. ಅವಳನ್ನು ನಂಬಿ, ಇಂದು ರಾತ್ರಿ ಮನೆಗೆ ಹೋಗಲು ಭಯವಿದೆಯೇ ಎಂದು ಕೇಳಿ, ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆಯಿರಿ. ಮುಂದಿನ ಹೆಜ್ಜೆ ಅವಳದು. ಮುಂದಿನ ಸಲ ನಾನು ಜೊತೆಗಿದ್ದರೆ ಸುಮ್ಮನಿರುವುದಿಲ್ಲ. ನೀವೂ ‘ವೀಣದಾ’ ಎಂದವನ ಮುಖ ಬಿಟ್ಟು, ಮಾತಾಡದವಳ ಮುಖ ನೋಡಿ.