ಫೋನು ನಮ್ಮದು, ಕೀಲಿಕೈ ಯಾರದು?

ಕಳೆದ ಮಳೆಗಾಲದ ಒಂದು ರಾತ್ರಿ ಹನ್ನೊಂದೂವರೆಗೆ ನಮ್ಮಮ್ಮ ಟಾರ್ಚ್ ಹಿಡಿದುಕೊಂಡು, ತೋಟ ದಾಟಿ, ಪಕ್ಕದ ಮನೆಯವರ ಬಾಗಿಲು ಬಡಿದಳು. ಅಪ್ಪನಿಗೆ ಎದೆ ಹಿಡಿದುಕೊಂಡ ಹಾಗಾಗಿತ್ತು. ಅವರ ಮನೆಯಲ್ಲಿ ಜೀಪಿದೆ. ಅಮ್ಮ ಮೊದಲು ನಾಲ್ಕು ಸಲ ಫೋನ್ ಮಾಡಿದ್ದಾಳೆ, ಒಂದೂ ಹೋಗಿಲ್ಲ. ನನಗೆ ವಾಟ್ಸಾಪ್ ಕಾಲ್ ಮಾಡಿದ್ದಾಳೆ. ಅದು ಬಂದಿದೆ, ಆದರೆ ನಾನು ಪುಣೆಯ ಫ್ಲಾಟಿನಲ್ಲಿ ಫೋನ್ ಸೈಲೆಂಟ್ ಮಾಡಿ ಮಲಗಿದ್ದೆ. ಎದ್ದಿದ್ದರೂ ಆರುನೂರು ಕಿಲೋಮೀಟರ್ ದೂರದಿಂದ ಏನು ಮಾಡುತ್ತಿದ್ದೆ ಅನ್ನುವುದು ಬೇರೆ ಮಾತು.

ದೇವರು ದೊಡ್ಡವನು, ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಸರಿಯಾಗಿತ್ತು. ಗ್ಯಾಸು, ಜೊತೆಗೆ ಗಾಬರಿ ಅಂದರಂತೆ. ಬೆಳಿಗ್ಗೆ ಅಮ್ಮ ಹೇಳಿದ್ದು ಒಂದೇ ಮಾತು: "ನೆಟ್ ಇತ್ತು ಕಣೋ, ಫೋನ್ ಮಾತ್ರ ಸತ್ತು ಹೋಗಿತ್ತು."

ಆ ಫೋನನ್ನು ಸಾಯಿಸಿದ್ದು ನಾನೇ. ಹದಿನೈದು ವರ್ಷದಿಂದ ಸಾಫ್ಟ್‌ವೇರ್ ಕೆಲಸ ಮಾಡುವವನು, ಎಂ.ಟೆಕ್. ಮಾಡಿದವನು. ಹೇಗೆ ಸಾಯಿಸಿದೆ ಅನ್ನುವುದನ್ನೇ ಈ ಸಲದ ಅಂಕಣದಲ್ಲಿ ಹೇಳುತ್ತೇನೆ. ಯಾಕೆಂದರೆ ನಮ್ಮಲ್ಲಿ ಬಹಳ ಜನ ಹಳೇ ಫೋನನ್ನು ಊರಿಗೆ ಕೊಟ್ಟು ಬರುವವರು.

ಆ ಫೋನು ನಾನು ಅಮೆರಿಕಕ್ಕೆ ಆನ್‌ಸೈಟ್ ಹೋಗಿದ್ದಾಗ ಅಲ್ಲಿಯ ಒಂದು ಮೊಬೈಲ್ ಕಂಪನಿಯಿಂದ ಕಂತಿನ ಮೇಲೆ ತಗೊಂಡಿದ್ದು. ಕಂತು ತೀರಿಸಿ, ಅನ್‌ಲಾಕ್ ಮಾಡಿಸಿ ತಂದೆ. ಎರಡು ವರ್ಷ ನಾನು ಬಳಸಿದೆ, ಆಮೇಲೆ ಅಪ್ಪನಿಗೆ ಕೊಟ್ಟೆ. ಅಪ್ಪನಿಗೆ ಸ್ಟೆಂಟ್ ಹಾಕಿದ ಮೇಲೆ ಡಾಕ್ಟರು ತಿಂಗಳಿಗೊಮ್ಮೆ ವೀಡಿಯೋ ಕಾಲ್‌ನಲ್ಲೇ ನೋಡುತ್ತೇನೆ ಅಂದಿದ್ದರು. ನಮ್ಮೂರಿನಲ್ಲಿ 4ಜಿ ಒಂದು ಕಡ್ಡಿ, 2ಜಿ ನಾಲ್ಕು ಕಡ್ಡಿ. ಒಂದು ಕಡ್ಡಿಯ 4ಜಿ ಸ್ವಲ್ಪ ಅಲುಗಾಡಿದರೂ ಫೋನು ಓಡಿ ಹೋಗಿ 2ಜಿಯನ್ನು ತಬ್ಬಿಕೊಳ್ಳುತ್ತಿತ್ತು. ಡಾಕ್ಟರ ಮುಖ ಅಲ್ಲೇ ಕಲ್ಲಾಗುತ್ತಿತ್ತು.

ಇದಕ್ಕೆ ಸುಲಭದ ಮದ್ದು ಗೊತ್ತೇ ಇದೆಯಲ್ಲ, ಸೆಟ್ಟಿಂಗ್ಸ್‌ಗೆ ಹೋಗಿ ನೆಟ್‌ವರ್ಕ್ ಬಗೆಯನ್ನು ಆರಿಸುವುದು. ಹೋದೆ. ಆ ಮೆನುವೇ ಇಲ್ಲ! ಸಿಮ್ ಕಂಪನಿಯ ಕಸ್ಟಮರ್ ಕೇರ್‌ಗೆ ಕೇಳಿದರೆ "ಅದು ಹ್ಯಾಂಡ್‌ಸೆಟ್ ಕಂಪನಿಯವರದು ಸರ್" ಅಂದರು. ಹ್ಯಾಂಡ್‌ಸೆಟ್‌ನವರು "ಅದು ಆಪರೇಟರ್ ಸೆಟ್ಟಿಂಗ್ ಸರ್" ಅಂದರು. ಇಬ್ಬರ ಮಾತೂ ಅರ್ಧ ನಿಜ. ಅದನ್ನು ಬಿಡಿಸಿ ಹೇಳುತ್ತೇನೆ.

ನಮ್ಮ ಫೋನಿಗೆ ಸಿಮ್ ಹಾಕಿದ ಕೂಡಲೇ ಫೋನು ಅದರೊಳಗಿನ ಒಂದು ಸಂಖ್ಯೆಯನ್ನು ಓದುತ್ತದೆ. ಆ ಸಂಖ್ಯೆಯ ಮೊದಲ ಮೂರು ಅಂಕಿ ದೇಶದ್ದು, ಭಾರತಕ್ಕೆ 404 ಮತ್ತು 405. ಅದರ ಮುಂದಿನ ಅಂಕಿಗಳು ಕಂಪನಿಯದು. ಇದನ್ನು ನೋಡಿಕೊಂಡು ಫೋನು ಆ ಕಂಪನಿಗೆಂದೇ ಬರೆದಿಟ್ಟ ಒಂದು ಪಟ್ಟಿಯನ್ನು ತೆರೆಯುತ್ತದೆ. ಐಫೋನಿನಲ್ಲಿ ಇದಕ್ಕೆ ಕ್ಯಾರಿಯರ್ ಬಂಡಲ್ ಅನ್ನುತ್ತಾರೆ. ಆಗಾಗ "ಕ್ಯಾರಿಯರ್ ಸೆಟ್ಟಿಂಗ್ಸ್ ಅಪ್‌ಡೇಟ್" ಅಂತ ಕೇಳುತ್ತದಲ್ಲ, ಅದೇ. ಆಂಡ್ರಾಯ್ಡ್‌ನಲ್ಲಿ 2015ರ 6.0 ಆವೃತ್ತಿಯಿಂದ ಕ್ಯಾರಿಯರ್ ಕಾನ್ಫಿಗ್ ಅನ್ನುವ ವ್ಯವಸ್ಥೆ ಇದೆ. ನೆಟ್‌ವರ್ಕ್ ಬಗೆ ಆರಿಸುವ ಮೆನು ತೋರಿಸಬೇಕೋ ಬೇಡವೋ, 4ಜಿ ಮೇಲೆ ಮಾತಾಡುವ ವೋಲ್ಟಿ ಸ್ವಿಚ್ ಕಾಣಬೇಕೋ ಬೇಡವೋ, ಮೇಲುಗಡೆ ಯಾವ ಚಿಹ್ನೆ ಮೂಡಬೇಕು, ಎಲ್ಲವೂ ಆ ಪಟ್ಟಿಯಲ್ಲಿರುತ್ತವೆ. ಏನು ಬೇಕೆಂದು ಹೇಳುವವನು ಆಪರೇಟರ್, ಬರೆದು ಫೋನಿಗೆ ಹಾಕುವವನು ಹ್ಯಾಂಡ್‌ಸೆಟ್‌ನವನು. ಅದಕ್ಕೇ ಇಬ್ಬರೂ ಇನ್ನೊಬ್ಬರ ಕಡೆ ಕೈ ತೋರಿಸಲು ಸಾಧ್ಯ.

ಎರಡು ಸಿಮ್ ಇರುವ ಆಂಡ್ರಾಯ್ಡ್ ಫೋನು ನಿಮ್ಮ ಕೈಯಲ್ಲಿದ್ದರೆ ಈಗಲೇ ನೋಡಿ. ನನ್ನಲ್ಲಿ ಒಂದು ಪುಣೆ ನಂಬರ್, ಇನ್ನೊಂದು ಊರಿನ ಹಳೇ ನಂಬರ್. ನೀವೂ ಬಿಟ್ಟಿರಲಿಕ್ಕಿಲ್ಲ, ಬ್ಯಾಂಕು, ಆಧಾರ್, ಊರಿನ ಸೊಸೈಟಿ ಎಲ್ಲಕ್ಕೂ ಅದೇ ಆಧಾರ. ಫೋನು ಒಂದೇ, ಆದರೆ ಎರಡೂ ಸಿಮ್‌ಗಳ ನೆಟ್‌ವರ್ಕ್ ಮೆನು ತೆರೆದರೆ ಒಂದರಲ್ಲಿ ಇರುವ ಸಾಲು ಇನ್ನೊಂದರಲ್ಲಿ ಇಲ್ಲ. ಯಂತ್ರದ ಶಕ್ತಿ ಒಂದೇ, ಅಪ್ಪಣೆ ಬೇರೆ ಬೇರೆ.

ಈ ಅಪ್ಪಣೆಯ ಬಿಸಿ ಇಡೀ ದೇಶಕ್ಕೆ ತಟ್ಟಿದ್ದು 2022ರಲ್ಲಿ. ಅಕ್ಟೋಬರ್ 1ಕ್ಕೆ ದೆಹಲಿಯಲ್ಲಿ 5ಜಿ ಉದ್ಘಾಟನೆಯಾಯಿತು. 2020ರ ಐಫೋನ್ 12ರಿಂದಲೇ 5ಜಿ ರೇಡಿಯೋ ಒಳಗಿತ್ತು. ಆದರೂ ಭಾರತದ ಐಫೋನ್‌ಗಳಿಗೆ 5ಜಿ ಸಿಕ್ಕಿದ್ದು ಡಿಸೆಂಬರ್‌ನಲ್ಲಿ ಐಓಎಸ್ 16.2 ಬಂದ ಮೇಲೆ. ಆಂಡ್ರಾಯ್ಡ್‌ನ ಹಲವು ಮಾಡೆಲ್‌ಗಳದ್ದೂ ಇದೇ ಕಥೆ. ಜಿಯೋ ಸಂಪೂರ್ಣ ಸ್ವತಂತ್ರ 5ಜಿ ಹಾಕಿತ್ತು, ಏರ್‌ಟೆಲ್ 4ಜಿಯ ಬೆನ್ನೇರಿದ 5ಜಿ. ಹಾಗಾಗಿ ಒಂದರಲ್ಲಿ ನಡೆದ ಫೋನು ಇನ್ನೊಂದರಲ್ಲಿ ನಡೆಯಲು ಬೇರೆ ಅಪ್‌ಡೇಟ್‌ಗೆ ಕಾಯಬೇಕಾಯಿತು. ದುಡ್ಡು ಕೊಟ್ಟು ತಂದ ಕುದುರೆ ಲಾಯದಲ್ಲೇ ನಿಂತಿತ್ತು.

ಚಿಹ್ನೆಯ ವಿಷಯವಂತೂ ಇನ್ನೂ ತಮಾಷೆ. 2019ರಲ್ಲಿ ಅಮೆರಿಕದ ಎಟಿ ಅಂಡ್ ಟಿ ಕಂಪನಿ ತನ್ನ ಗ್ರಾಹಕರ 4ಜಿ ಫೋನುಗಳ ಮೇಲ್ಗಡೆ "5ಜಿ ಇ" ಅಂತ ಮೂಡಿಸಲು ಶುರು ಮಾಡಿತು. ಫೋನಿನಲ್ಲಿ 5ಜಿ ರೇಡಿಯೋವೇ ಇರಲಿಲ್ಲ. ಒಳಗಿದ್ದದ್ದು ಸುಧಾರಿತ 4ಜಿ ಮಾತ್ರ. ಅದಕ್ಕೂ ಮೊದಲು 2012ರಲ್ಲಿ ಅದೇ ಕಂಪನಿಯ ಐಫೋನ್‌ಗಳಲ್ಲಿ ಒಂದು ಅಪ್‌ಡೇಟ್ ಆದ ಬೆಳಿಗ್ಗೆ 3ಜಿ ಎಂದಿದ್ದ ಕಡೆ 4ಜಿ ಎಂದು ಬಂದಿತ್ತು. ವೇಗ ಇದ್ದಷ್ಟೇ ಇತ್ತು, ಹೆಸರು ಬದಲಾಗಿತ್ತು.

ಇದೆಲ್ಲ ಫೋನಿನ ಒಳಗಿನ ಕೀಲಿ. ಇನ್ನೊಂದು ಕೀಲಿ ಇರುವುದು ನಮ್ಮ ಕೈಗೆ ಸಿಗದ ಕಡೆ, ಆಪರೇಟರ್‌ನ ಸರ್ವರ್‌ನಲ್ಲಿ. ಅಲ್ಲಿ ಪ್ರತಿ ಗ್ರಾಹಕನ ಹೆಸರಿನಲ್ಲೂ ಒಂದು ಖಾತೆ ಇದೆ. ಈತನಿಗೆ ಗರಿಷ್ಠ ಇಷ್ಟು ವೇಗ ಅಂತ ಅದರಲ್ಲಿ ಬರೆದಿರುತ್ತದೆ. ದಿನದ ಡೇಟಾ ಮುಗಿದ ಕ್ಷಣ ಅಲ್ಲಿಯ ಅಂಕಿ ಬದಲಾಗುತ್ತದೆ, ಬಹಳ ಪ್ಲಾನುಗಳಲ್ಲಿ 64 ಕೆಬಿಪಿಎಸ್‌ಗೆ. ಅಂದರೆ ಸೆಕೆಂಡಿಗೆ 8 ಕಿಲೋಬೈಟ್. ನಾಲ್ಕು ಎಂಬಿಯ ಒಂದು ಫೋಟೋ ಬರಲು ಎಂಟು ನಿಮಿಷಕ್ಕೂ ಹೆಚ್ಚು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ! ನಮ್ಮ ಸರ್ಕಾರ 2023ರಲ್ಲಿ ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿತು. ಆ ಲೆಕ್ಕದಲ್ಲಿ ಇದು ಮೂವತ್ತರಲ್ಲಿ ಒಂದು ಪಾಲು. ಆದರೂ ಪ್ಲಾನಿನ ಹೆಸರು ಅನ್‌ಲಿಮಿಟೆಡ್. "ಎಪಿಎನ್ ಬದಲಿಸಿ, ವೇಗ ಹತ್ತು ಪಟ್ಟು ಮಾಡಿ" ಅನ್ನುವ ಯೂಟ್ಯೂಬ್ ವೀಡಿಯೋ ನೋಡಿ ಮೋಸಹೋಗಬೇಡಿ. ಸರ್ವರ್‌ನಲ್ಲಿರುವ ಅಂಕಿಯನ್ನು ನಮ್ಮ ಫೋನಿನ ಯಾವ ಸೆಟ್ಟಿಂಗೂ ಮೀರಲಾರದು.

ಈ ಎರಡನೆಯ ಕೀಲಿಯ ಮೇಲೆ ಒಂದಿಷ್ಟು ಕಣ್ಗಾವಲು ಇದೆ. 2018ರಲ್ಲಿ ನಮ್ಮಲ್ಲಿ ನೆಟ್ ನ್ಯೂಟ್ರಾಲಿಟಿ ನಿಯಮ ಬಂತು. ಒಂದು ಆ್ಯಪ್ಪಿಗೆ ವೇಗ, ಇನ್ನೊಂದಕ್ಕೆ ಅಡ್ಡಗಾಲು ಅನ್ನುವಂತಿಲ್ಲ. 2020ರ ಜುಲೈನಲ್ಲಿ ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ ಕಂಪನಿಗಳು ದುಬಾರಿ ಪ್ಲಾನಿನವರಿಗೆ ಹೆಚ್ಚಿನ ವೇಗ ಅಂತ ಹೊರಟಾಗ, ಉಳಿದವರ ವೇಗಕ್ಕೆ ಏನಾಗುತ್ತದೆ ಅಂತ ಟ್ರಾಯ್ ತಡೆದು ಕೇಳಿತು. ಅಮೆರಿಕದಲ್ಲಿ ಅನ್‌ಲಿಮಿಟೆಡ್ ಅಂತ ಮಾರಿ ಹೇಳದೆ ವೇಗ ಇಳಿಸಿದ್ದಕ್ಕೆ ಎಟಿ ಅಂಡ್ ಟಿ 2019ರಲ್ಲಿ 6 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆದರೆ ಮೊದಲನೆಯ ಕೀಲಿ, ನಮ್ಮದೇ ಫೋನಿನಲ್ಲಿ ಅಡಗಿಸಿಟ್ಟ ಆ ಮೆನು, ಅದರ ಬಗ್ಗೆ ಗಲಾಟೆ ಕಡಿಮೆ. ಇಲ್ಲದ್ದನ್ನು ನೋಡಿ ದೂರು ಕೊಡುವುದು ಹೇಗೆ?

ಈಗ ನಮ್ಮ ಮನೆಯ ಕಥೆಗೆ ಬರೋಣ. ಅಪ್ಪನ ಫೋನಿಗೆ ಕಂತು ತೀರಿತ್ತು, ಆದರೆ ಒಳಗಿನ ಪಟ್ಟಿ ಮಾತ್ರ ಹಳೇ ಒಡೆಯನದೇ. ಅಮೆರಿಕದ ಕಂಪನಿಗೆ ಬೇಡವಾದ ಮೆನು ನಮ್ಮ ಮಲೆನಾಡಿನಲ್ಲೂ ಇಲ್ಲ. ನಾನು ಬಿಡುವವನೇ? ಡಯಲ್ ಪ್ಯಾಡಿನಲ್ಲಿ *#*#4636#*#* ಒತ್ತಿದರೆ ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಒಂದು ಪರೀಕ್ಷಾ ಮೆನು ತೆರೆಯುತ್ತದೆ. ಇದರಲ್ಲೂ ತೆರೆಯಿತು. "ಎಲ್‌ಟಿಇ ಓನ್ಲಿ" ಅಂತ ಆರಿಸಿದೆ, ಅಂದರೆ 4ಜಿ ಬಿಟ್ಟು ಬೇರೆಲ್ಲೂ ಹೋಗಬೇಡ ಅಂತ. ಡಾಕ್ಟರ ಮುಖ ಅಲುಗಾಡತೊಡಗಿತು. ಅಪ್ಪ "ಭಲೇ" ಅಂದ. ನಾನು ಎದೆ ಉಬ್ಬಿಸಿಕೊಂಡು ರಾತ್ರಿ ಬಸ್ಸು ಹತ್ತಿ ಪುಣೆಗೆ ಬಂದೆ.

ನಾನು ಮರೆತದ್ದು ಇಷ್ಟು. 4ಜಿ ಮೂಲತಃ ಡೇಟಾಕ್ಕೆ ಮಾಡಿದ ದಾರಿ. ಅದರ ಮೇಲೆ ಮಾಮೂಲಿ ಕಾಲ್ ಹೋಗಬೇಕಾದರೆ ವೋಲ್ಟಿ ಬೇಕು. ವೋಲ್ಟಿ ಇಲ್ಲದ ಫೋನು ಕಾಲ್ ಬಂದಾಗ ತಟ್ಟನೆ 2ಜಿಗೋ 3ಜಿಗೋ ಇಳಿದು ಮಾತಾಡಿಸಿ, ಮುಗಿದ ಮೇಲೆ ಮತ್ತೆ 4ಜಿಗೆ ಹತ್ತುತ್ತದೆ. ಅಪ್ಪನ ಫೋನಿನ ಪಟ್ಟಿಯಲ್ಲಿ ಇಲ್ಲಿಯ ಸಿಮ್‌ಗೆ ವೋಲ್ಟಿ ಅಪ್ಪಣೆ ಇರಲಿಲ್ಲ. ಇಷ್ಟು ದಿನ ಅದು ಸದ್ದಿಲ್ಲದೆ 2ಜಿಗೆ ಇಳಿದು ಕಾಲ್ ಮಾಡುತ್ತಿತ್ತು. ನಾನು ಆ ಇಳಿಯುವ ಏಣಿಯನ್ನೇ ತೆಗೆದುಬಿಟ್ಟಿದ್ದೆ. ಮಾಮೂಲಿ ಕಾಲ್ ಒಳಗೂ ಬಾರದು, ಹೊರಗೂ ಹೋಗದು.

ಇದು ಒಂಬತ್ತು ದಿನ ನಡೆದಿದೆ. ನನಗೆ ಗೊತ್ತೇ ಆಗಲಿಲ್ಲ, ಯಾಕೆಂದರೆ ನಾನು ದಿನಾ ವಾಟ್ಸಾಪ್‌ನಲ್ಲೇ ಮಾತಾಡುತ್ತಿದ್ದೆ. "ಈಚೆಗೆ ಯಾರೂ ಫೋನೇ ಮಾಡಲ್ಲ" ಅಂತ ಅಪ್ಪ ಒಂದು ಸಲ ಅಂದಿದ್ದ. ಮಳೆಗಾಲ, ಎಲ್ಲರಿಗೂ ತೋಟದ ಕೆಲಸ ಇರುತ್ತದೆ ಅಂತ ನಾನೇ ಸಮಾಧಾನ ಹೇಳಿದ್ದೆ. ಆ ಮಾತು ಈಗಲೂ ಚುಚ್ಚುತ್ತದೆ.

ಕಂಪನಿಗಳು ಮೆನು ಅಡಗಿಸಲು ಕೊಡುವ ಕಾರಣವೂ ಇದೇ: ಗೊತ್ತಿಲ್ಲದೆ ಬದಲಿಸಿದರೆ ಕಾಲ್ ನಿಂತು ಹೋಗುತ್ತದೆ, ಆಮೇಲೆ ನಮ್ಮನ್ನು ಬೈಯುತ್ತೀರಿ. ನನ್ನ ಅನುಭವದ ಮೇಲೆ ಇದನ್ನು ತಳ್ಳಿಹಾಕಲಾರೆ. ಆದರೆ ಒಂದು ಸಾಲಿನ ಎಚ್ಚರಿಕೆ, "ಈ ಸಿಮ್‌ಗೆ ವೋಲ್ಟಿ ಇಲ್ಲ, ಹೀಗೆ ಮಾಡಿದರೆ ಕಾಲ್ ಬರುವುದಿಲ್ಲ" ಅಂತ, ತೋರಿಸಿದ್ದರೆ ಸಾಕಿತ್ತು. ಬಾಗಿಲಿಗೆ ಬೀಗ ಹಾಕಿದರೆ ಜನ ಕಿಟಕಿ ಹತ್ತುತ್ತಾರೆ, ನನ್ನ ಹಾಗೆ ಬೀಳುತ್ತಾರೆ. ಬೀಗದ ಬದಲು ಬೋರ್ಡು ಹಾಕಲಿ ಅನ್ನುವುದು ನನ್ನ ವಾದ.

ಅಲ್ಲಿಯವರೆಗೆ ನಾವು ಮಾಡಬಹುದಾದ್ದು ಇಷ್ಟು. ಹಳೇ ಫೋನು, ಅದರಲ್ಲೂ ಹೊರದೇಶದ ಫೋನು, ಊರಿಗೆ ಕೊಡುವ ಮೊದಲು ಅಪ್ಪ ಅಮ್ಮನ ಸಿಮ್ ಹಾಕಿ ನೋಡಿ. ವೈಫೈ ಆರಿಸಿ ಒಂದು ಮಾಮೂಲಿ ಕಾಲ್ ಮಾಡಿ, ಮಾತಾಡುವಾಗ ಮೇಲ್ಗಡೆ ಚಿಹ್ನೆ ನೋಡಿ. 4ಜಿ ಅಥವಾ 5ಜಿ ಹಾಗೇ ನಿಂತರೆ ವೋಲ್ಟಿ ಇದೆ. 2ಜಿಗೆ ಅಥವಾ ಬರೀ ಇ ಅಕ್ಷರಕ್ಕೆ ಬಿದ್ದರೆ ಇಲ್ಲ. ಅಂಥ ಫೋನಿನಲ್ಲಿ "ಓನ್ಲಿ" ಅನ್ನುವ ಯಾವ ಆಯ್ಕೆಯನ್ನೂ ಮುಟ್ಟಬೇಡಿ. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ವೈಫೈ ಕಾಲಿಂಗ್ ಆನ್ ಮಾಡಿ. 2019ರ ಕೊನೆಯಿಂದ ನಮ್ಮಲ್ಲಿ ಅದು ಸಿಗುತ್ತಿದೆ, ಟವರ್ ಇಲ್ಲದ ಒಳಮನೆಗೆ ಅದೇ ಗತಿ. ಏನೇ ಬದಲಿಸಿದರೂ ಕೊನೆಗೆ ಬೇರೆ ಫೋನಿನಿಂದ ಮಾಮೂಲಿ ಕಾಲ್ ಮಾಡಿ ರಿಂಗ್ ಆಯಿತೇ ನೋಡಿಯೇ ಬಸ್ಸು ಹತ್ತಿ.

ಅಪ್ಪನಿಗೆ ಈಗ ಇಲ್ಲೇ ಕೊಂಡ ಸಾಧಾರಣ ಫೋನು ಕೊಟ್ಟಿದ್ದೇನೆ. ಮೆನುವಿದೆ, ವೋಲ್ಟಿಯಿದೆ. ನಾನು ಭಾನುವಾರ ಬೆಳಿಗ್ಗೆ ಒಂದು ಸಲ ವಾಟ್ಸಾಪ್ ಬಿಟ್ಟು ಮಾಮೂಲಿ ಕಾಲ್ ಮಾಡುತ್ತೇನೆ. ಮೊದಲೆರಡು ವಾರ ಅಪ್ಪ "ಯಾಕೋ, ಏನಾಯ್ತೋ" ಅಂತ ಗಾಬರಿಯಾಗಿ ಎತ್ತುತ್ತಿದ್ದ. ಈಗ ರಿಂಗ್ ಆದ ಕೂಡಲೇ, "ಬಂತು ಬಂತು, ಇಡು" ಅನ್ನುತ್ತಾನೆ. ನನ್ನ ರಾತ್ರಿಗಳಲ್ಲೂ ಒಂದು ಬದಲಾವಣೆಯಾಗಿದೆ. ಫೋನ್ ಸೈಲೆಂಟ್ ಮಾಡಿದರೂ ಊರಿನ ಮೂರು ನಂಬರ್ ಮಾತ್ರ ರಿಂಗ್ ಆಗುವ ಹಾಗೆ ಇಟ್ಟಿದ್ದೇನೆ. ಆ ಸೆಟ್ಟಿಂಗ್ ಮೊದಲಿನಿಂದಲೂ ನನ್ನ ಕೈಯಲ್ಲೇ ಇತ್ತು.