ಅನುಭವವುಂಟೆ ಎಂದು ಕೇಳಿದರೆ

"ಅಂಕಿ ಅಂಶಗಳ ವಿಶ್ಲೇಷಣೆಯಲ್ಲಿ ತಮಗೆ ಅನುಭವವುಂಟೆ?" ಕೆಲಸಕ್ಕಾಗಿ ಸಂದರ್ಶನಕ್ಕೆ ಹೋಗುವ ನಮ್ಮ ತರುಣರಿಗೆ ಈಗ ಎದುರಾಗುವ ಪ್ರಶ್ನೆಯಿದು. ಕಂಪ್ಲಿ, ಸಂಡೂರುಗಳಿಂದ ಹೊಸಪೇಟೆಗೆ ಓದಲು ಬರುವ ಹುಡುಗ ಹುಡುಗಿಯರು ಇದಕ್ಕೆ ಒಪ್ಪಿಸುವ ಉತ್ತರವನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಎಕ್ಸೆಲ್ ಬಲ್ಲೆ, ಪೈಥಾನ್ ಬಲ್ಲೆ ಎಂಬ ನಾಮಾವಳಿಯದು. ಉಳಿ, ಗರಗಸಗಳ ಹೆಸರು ಹೇಳಿದವನನ್ನು ಯಾರೂ ಬಡಗಿಯೆನ್ನರು. ಮಾಡಿದ ತೊಟ್ಟಿಲೊಂದನ್ನು ತೋರಿಸಬೇಕು.

ತೋರಿಸಲು ನಮ್ಮಲ್ಲೇನಿದೆ ಎನ್ನುತ್ತಾರೆ. ತುಂಗಭದ್ರೆಯ ದಡದಲ್ಲಿದ್ದು ಹೀಗೆನ್ನುವುದು ಸೋಜಿಗ. ನಮ್ಮ ಜಲಾಶಯವನ್ನೇ ನೋಡಿ. 1953ರಲ್ಲಿ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. ಹೂಳು ತುಂಬುತ್ತ ಬಂದು 2008ರ ಸಮೀಕ್ಷೆಯಲ್ಲಿ ಅದು 100.855 ಎಂದಾಯಿತು. 2016ರ ಸಮೀಕ್ಷೆಯಲ್ಲಿ 105.788! ಎಂಟು ವರ್ಷಗಳಲ್ಲಿ ಹೂಳು ತಾನಾಗಿ ಕರಗಿತೆ? ಅಳೆಯುವ ಕ್ರಮ ಬೇರೆಯಾಯಿತೆ? ಈ ಸಂದೇಹ ಹುಟ್ಟಿದ ಗಳಿಗೆಯೇ ವಿಶ್ಲೇಷಣೆಯ ಆರಂಭ. ಎರಡು ಅಂಕಿಗಳ ನಡುವೆ ಗೆರೆಯೆಳೆಯುವ ಕೆಲಸವನ್ನು ಯಂತ್ರ ಮಾಡೀತು. ಎಳೆಯಬಹುದೋ ಎಂದು ಅದು ಕೇಳದು. ಓಲೆಗರಿಯ ಪ್ರತಿಗಳಲ್ಲಿ ಪಾಠಾಂತರ ಕಂಡಾಗ ಕನ್ನಡ ಎಂ.ಎ. ಮಾಡಿದ ನಮ್ಮಂಥವರು ಹಿಡಿಯುವ ದಾರಿಯೂ ಇದೇ. ನಮ್ಮನ್ನು ಮಾತ್ರ ಯಾರೂ ಸಂದರ್ಶನಕ್ಕೆ ಕರೆಯರು, ಆ ಮಾತು ಬೇರೆ.

ಸಂಡೂರಿನ ಹುಡುಗರಂತೂ ಅದಿರಿನ ಲಾರಿಗಳ ನಡುವೆ ಬೆಳೆದವರು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರು 2011ರ ಜುಲೈಯಲ್ಲಿ ಸಲ್ಲಿಸಿದ ವರದಿ ಸಾಗಣೆಯ ಪರವಾನಗಿಗಳನ್ನೂ ರಫ್ತಿನ ಲೆಕ್ಕವನ್ನೂ ಎದುರುಬದುರು ಇಟ್ಟು ನೋಡಿತು. ಪರವಾನಗಿಯಿಲ್ಲದೆ ಹೋದ ಅದಿರು ಸುಮಾರು 2.98 ಕೋಟಿ ಟನ್ ಎಂದು ಕಂಡದ್ದು ಹಾಗೆ. ಎರಡು ಲೆಕ್ಕಗಳನ್ನು ತಾಳೆ ನೋಡುವ ಈ ವಿದ್ಯೆಯೇ ಒಂದು ನಾಡನ್ನು ಅಲುಗಿಸಿತು.

ಇಲ್ಲದ ಅನುಭವವನ್ನು ಉಂಟೆಂದು ಹೇಳಲು ಕಲಿಸುವವರೂ ಇದ್ದಾರೆ, ಹಣ ತೆಗೆದುಕೊಂಡು. ಎರಡನೆಯ ಪ್ರಶ್ನೆಗೆ ಆ ಬಣ್ಣ ಉಳಿಯದು. ಅಂಕಿಗಳು ಎಲ್ಲಿಂದ ಬಂದವು, ಯಾವುದನ್ನು ನೀವು ನಂಬಲಿಲ್ಲ, ಏಕೆ ಎಂದು ಕೇಳಿದರೆ ಹುಡುಗ ಬೆವರುತ್ತಾನೆ. ಸಾಲ ಮಾಡಿ ಬೆಂಗಳೂರಿಗೆ ಕಳುಹಿಸಿದ ತಂದೆ ಇಲ್ಲಿ ಕಾಯುತ್ತಿರುತ್ತಾನೆ. ಕೆಲಸದ ಅನುಭವ ಇಲ್ಲವಾದರೆ ಇಲ್ಲವೆಂದೇ ಹೇಳಲಿ. ಒಡನೆಯೇ ತಾನು ಮಾಡಿ ನೋಡಿದ ಒಂದು ಲೆಕ್ಕವನ್ನು ಬಿಡಿಸಿ ಹೇಳಲಿ. ಕಂಪ್ಲಿಯ ರೈತನ ಮಗಳಿಗೆ ಮನೆಯ ಭತ್ತದ ಲೆಕ್ಕವೇ ಸಾಕು: ಐದು ವರ್ಷ ಗೊಬ್ಬರಕ್ಕೆ ಹೋದದ್ದೆಷ್ಟು, ಬಂದ ಚೀಲಗಳೆಷ್ಟು, ಕಾಲುವೆಯ ನೀರು ತಡವಾದದ್ದು ಯಾವ ವರ್ಷ, ಅಪ್ಪ ಬರೆಯಲು ಮರೆತದ್ದು ಯಾವುದು. ಆ ನೋಟುಪುಸ್ತಕವನ್ನು ಜತೆಗೆ ಒಯ್ದರೂ ತಪ್ಪಿಲ್ಲ.